ಮದ್ದಳೆ: ಮೃದಂಗದ ಒಡಹುಟ್ಟು

ಸಂಗೀತ ಸಭೆಗಳಿಗೆ ಹೋಗಿ ಬರುವ ನಮ್ಮ ನಗರದ ರಸಿಕರಿಗೆ ಮೃದಂಗದ ಪರಿಚಯವನ್ನು ಮಾಡಿಕೊಡಬೇಕಾದ ಅಗತ್ಯವಿಲ್ಲ. ಪಾಲಘಾಟ್ ಮಣಿ ಅಯ್ಯರ್ ಅವರ ಹೆಸರನ್ನು ಕೇಳದ ಶ್ರೋತೃವು ವಿರಳ. ಕಚೇರಿಯ ನಡುವೆ ಗಾಯಕರು ಸುಮ್ಮನಾಗಿ, ಪಿಟೀಲಿನವರು ಕಮಾನನ್ನು ಕೆಳಗಿರಿಸಿ, ತನಿಯಾವರ್ತನಕ್ಕೆ ಎಡೆಮಾಡಿಕೊಟ್ಟರೆಂದರೆ, ಸಭೆಯ ಕಣ್ಣೂ ಕಿವಿಯೂ ಆ ವಾದ್ಯವೊಂದರಲ್ಲೇ ನೆಲಸುತ್ತವೆ. ಇಂತಹ ಮಾನ್ಯತೆಯನ್ನು ಪಡೆದ ಮೃದಂಗಕ್ಕೆ ಒಡಹುಟ್ಟಾದ ಇನ್ನೊಂದು ವಾದ್ಯವು ನಮ್ಮ ಕನ್ನಡ ನಾಡಿನ ಕರಾವಳಿಯಲ್ಲಿಯೇ ಉಂಟು. ಅದರ ಹೆಸರು ಮದ್ದಳೆ. ಅದೇನೆಂದು ಕೇಳಿದರೆ, "ಮೃದಂಗದ ಹಾಗೆಯೇ ಇರುವ ಒಂದು ಹಳ್ಳಿಯ ವಾದ್ಯ" ಎಂಬ ಉತ್ತರವು ವಿದ್ಯಾವಂತರಿಂದಲೂ ಬರುತ್ತದೆ. ಈ ಉತ್ತರದಲ್ಲಿ ಸತ್ಯವು ಅರ್ಧದಷ್ಟಿದೆ. ಮದ್ದಳೆಯು ಮೃದಂಗದ ಕುಲದ್ದೆಂಬುದು ನಿಜ. ಆದರೆ ಅದು ಮೃದಂಗದ ಒರಟಾದ ಪ್ರತಿಯಲ್ಲ. ಅದಕ್ಕೆ ಬೇರೆ ಕೆಲಸವಿದೆ, ಆ ಕೆಲಸಕ್ಕೆ ತಕ್ಕ ಬೇರೆ ಗುಣವಿದೆ. ಆ ಗುಣವೇನು, ಅದನ್ನು ನಾವು ಇಂದು ಹೇಗೆ ಕಳೆದುಕೊಳ್ಳುವಂತಿದ್ದೇವೆ, ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಮನೆತನದ ಮಾತು. ನಮ್ಮ ಶಾಸ್ತ್ರಕಾರರು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನವೆಂದು ನಾಲ್ಕಾಗಿ ವಿಂಗಡಿಸಿದ್ದಾರೆ. ತಂತಿಯದು ತತ, ಊದುವುದು ಸುಷಿರ, ಚರ್ಮ ಹೊದಿಸಿದ್ದು ಅವನದ್ಧ, ತಾಳದಂತೆ ಒಂದಕ್ಕೊಂದು ತಾಗಿಸುವುದು ಘನ. ಭರತನ ನಾಟ್ಯಶಾಸ್ತ್ರದಲ್ಲಿ ಅವನದ್ಧ ವಾದ್ಯಗಳಿಗಾಗಿಯೇ ಒಂದು ದೀರ್ಘವಾದ ಅಧ್ಯಾಯವಿದೆ. ನದಿಯ ದಡದ ನಯವಾದ ಮಣ್ಣನ್ನು ತಂದು, ಚರ್ಮದ ಮೇಲೆ ಬಳಿದು, ಅದರಿಂದ ವಾದ್ಯವನ್ನು ಸ್ವರಕ್ಕೆ ತರಬೇಕೆಂಬ ವಿಧಾನವು ಅಲ್ಲಿಯೇ ಕಂಡುಬರುತ್ತದೆ. ಈ ಒಂದು ಉಪಾಯವನ್ನು ಹಿಡಿದು ಬೆಳೆದ ಸಂತತಿಯು ಭರತಖಂಡದ ಉದ್ದಗಲಕ್ಕೂ ಹರಡಿಕೊಂಡಿದೆ. ದಕ್ಷಿಣದ ಮೃದಂಗ, ಉತ್ತರದ ಪಖವಾಜ, ಬಂಗಾಳದ ಕೀರ್ತನೆಗಳಲ್ಲಿ ನುಡಿಯುವ ಖೋಲ, ಮಣಿಪುರದ ಪುಂಗ್, ಒರಿಸ್ಸದ ಮರ್ದಲ, ಕೇರಳದ ಶುದ್ಧಮದ್ದಳ, ಇವೆಲ್ಲವೂ ದಾಯಾದಿಗಳೇ. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ಎರಡು ಮುಖದ ವಾದ್ಯವನ್ನು ಬಾರಿಸುವವರನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಮರ್ದಲವೆಂಬ ಸಂಸ್ಕೃತ ಶಬ್ದವೇ ಕನ್ನಡಿಗರ ನಾಲಗೆಯಲ್ಲಿ ಮದ್ದಳೆಯಾಯಿತು. ಆದುದರಿಂದ ಮದ್ದಳೆಯನ್ನು ಮೃದಂಗದಿಂದ ಕೆಳಗಿಳಿದು ಬಂದುದೆಂದು ಭಾವಿಸುವುದಕ್ಕೆ ಆಧಾರವಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಅರಮನೆಗೂ ಸಭೆಗೂ ಹೋದನು; ಇನ್ನೊಬ್ಬನು ಬಯಲಾಟದ ರಂಗಸ್ಥಳದಲ್ಲಿ ನಿಂತನು. ಇಷ್ಟೇ ವ್ಯತ್ಯಾಸ.

ಮದ್ದಳೆಯು ನಿಂತ ಆ ನಾಡು ಎಂತಹುದು? ಉಡುಪಿಗೆ ದಕ್ಷಿಣದಲ್ಲಿ, ಕಟಪಾಡಿಗೆ ಪಶ್ಚಿಮದಲ್ಲಿ, ಹೊಳೆಗೂ ಕಡಲಿಗೂ ನಡುವೆ ಮಟ್ಟು ಎಂಬ ಗ್ರಾಮವಿದೆ. ಅದರ ಮರಳುಮಿಶ್ರಿತ ಮಣ್ಣಿನಲ್ಲಿ ಬೆಳೆಯುವ ದುಂಡನೆಯ ಹಸುರು ಬದನೆಗೆ ಮಟ್ಟುಗುಳ್ಳವೆಂದು ಹೆಸರು. ವಾದಿರಾಜ ಸ್ವಾಮಿಗಳು ಬೀಜವನ್ನು ಅನುಗ್ರಹಿಸಿದರೆಂಬ ಐತಿಹ್ಯವು ಆ ಊರಿನಲ್ಲಿ ಇಂದಿಗೂ ಜೀವಂತವಾಗಿದೆ. 2011ರಲ್ಲಿ ಸರಕಾರದ ಭೌಗೋಳಿಕ ಗುರುತನ್ನೂ ಆ ಕಾಯಿ ಪಡೆಯಿತು. ಬದನೆಯ ಕುಲದ್ದಾದರೂ ಗುಳ್ಳವನ್ನು ಯಾರೂ "ಬದನೆಯಂತಹ ಒಂದು ಕಾಯಿ" ಎಂದು ಹೇಳಿ ಬಿಡುವುದಿಲ್ಲ. ಹೆಸರು ಹಿಡಿದು ಕೇಳಿ ಕೊಳ್ಳುತ್ತಾರೆ. ಮದ್ದಳೆಗೆ ಇನ್ನೂ ದೊರೆಯದಿರುವುದು ಈ ಬಗೆಯ ಮರ್ಯಾದೆಯೇ. ಮಟ್ಟು, ಕಾಪು, ಉಡುಪಿ, ಕಾರ್ಕಳಗಳ ಈ ಪ್ರದೇಶವು ಯಕ್ಷಗಾನದ ಎರಡು ತಿಟ್ಟುಗಳು ಸಂಧಿಸುವ ಎಡೆ. ಇಲ್ಲಿಂದ ದಕ್ಷಿಣಕ್ಕೆ ಕಾಸರಗೋಡಿನವರೆಗೆ ತೆಂಕುತಿಟ್ಟು, ಉತ್ತರಕ್ಕೆ ಕುಂದಾಪುರದ ಕಡೆಗೆ ಬಡಗುತಿಟ್ಟು. ಕೊಯ್ಲು ಮುಗಿದ ಗದ್ದೆಗಳಲ್ಲಿ ಎರಡು ತಿಟ್ಟಿನ ಮೇಳಗಳ ಆಟಗಳನ್ನೂ ಈ ಊರುಗಳವರು ನೋಡುತ್ತ ಬಂದಿದ್ದಾರೆ. ಬಡಗಿನ ಮದ್ದಳೆಯು ಗಾತ್ರದಲ್ಲಿ ಚಿಕ್ಕದು, ತೆಂಕಿನದು ಅದಕ್ಕಿಂತ ದೊಡ್ಡದು. ಎರಡು ತಿಟ್ಟಿನಲ್ಲಿಯೂ ಅದರ ಧರ್ಮವು ಒಂದೇ.

ಆ ಧರ್ಮವನ್ನು ತಿಳಿಯಬೇಕಾದರೆ ವಾದ್ಯದ ರಚನೆಯನ್ನು ಸ್ವಲ್ಪ ನೋಡಬೇಕು. ಟೊಳ್ಳುಮಾಡಿದ ಮರದ ಒಡಲು. ಅದಕ್ಕೆ ಸಾಮಾನ್ಯವಾಗಿ ಹಲಸಿನ ಮರವನ್ನು ಬಳಸುತ್ತಾರೆ. ಎರಡು ಬದಿಗೂ ಚರ್ಮದ ಮುಚ್ಚಿಗೆ. ಎರಡನ್ನೂ ಬಿಗಿಯುವ ಬಾರುಗಳು. ಬಲದ ಮುಚ್ಚಿಗೆಯ ನಡುವೆ ಕಪ್ಪನೆಯ ಕರಣೆ. ನೋಡುವವರು ಈ ಕರಣೆಯನ್ನು ಅಲಂಕಾರವೆಂದು ತಿಳಿದರೂ ತಿಳಿಯಬಹುದು. ವಾಸ್ತವದಲ್ಲಿ ಈ ಕುಲದ ಕೀರ್ತಿಯೆಲ್ಲವೂ ಆ ಕಪ್ಪು ವರ್ತುಲದಲ್ಲಿ ಅಡಗಿದೆ.

ವೀಣೆಯ ತಂತಿಯನ್ನು ಮೀಟಿದಾಗ ನಮಗೆ ಒಂದೇ ಸ್ವರ ಕೇಳಿಸಿದಂತಾದರೂ, ಅದರೊಳಗೆ ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಸಂಖ್ಯೆಯುಳ್ಳ ಉಪಸ್ವರಗಳು ಬೆರೆತಿರುತ್ತವೆ. ಸಂಖ್ಯೆಗಳು ಹೀಗೆ ಪೂರ್ಣಾಂಕಗಳಾಗಿರುವುದರಿಂದ ಅವು ಒಂದರೊಡನೊಂದು ಹೊಂದಿಕೊಂಡು, ಕಿವಿಗೆ ಸ್ಪಷ್ಟವಾದ ಶ್ರುತಿಯಾಗಿ ತೋರುತ್ತವೆ. ಬರಿಯ ಚರ್ಮವನ್ನು ವರ್ತುಲಾಕಾರವಾಗಿ ಬಿಗಿದು ಬಾರಿಸಿದರೆ ಹಾಗಾಗುವುದಿಲ್ಲ. ಅಲ್ಲಿ ಉಪಸ್ವರಗಳು ಮೂಲದ 1.59ರಷ್ಟು, 2.14ರಷ್ಟು, 2.30ರಷ್ಟು, 2.65ರಷ್ಟು, ಹೀಗೆ ಅಡ್ಡಾದಿಡ್ಡಿಯಾಗಿ ಹೊರಡುತ್ತವೆ. ಅವು ಹೊಂದದೆ ಕಲೆತು ಸದ್ದಾಗುತ್ತವೆಯೇ ಹೊರತು ಸ್ವರವಾಗುವುದಿಲ್ಲ. ಲೋಕದ ಬಹುತೇಕ ಚರ್ಮವಾದ್ಯಗಳ ಪಾಡು ಇದೇ.

ನಮ್ಮ ಹಿರಿಯರು ಮುಚ್ಚಿಗೆಯ ನಡುವೆ ಭಾರವನ್ನು ಕೂಡಿಸಿ ಈ ತೊಡಕನ್ನು ಬಿಡಿಸಿದರು. ಇದರ ಮರ್ಮವನ್ನು ವಿಜ್ಞಾನದ ಭಾಷೆಯಲ್ಲಿ ಮೊದಲು ವಿವರಿಸಿದವರು ಸರ್ ಸಿ. ವಿ. ರಾಮನ್. ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ಶಿವಕಾಲಿ ಕುಮಾರ್ ಎಂಬವರೊಡನೆ 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆಯೂ ಈ ವಿಷಯವನ್ನು ಮುಂದುವರಿಸಿದರು. ಕರಣೆಯ ಭಾರದಿಂದಾಗಿ ಚರ್ಮದ ಮೊದಲ ಒಂಬತ್ತು ಬಗೆಯ ಕಂಪನಗಳು ಐದು ಗುಂಪುಗಳಾಗಿ ಕೂಡಿಕೊಂಡು, ಆ ಐದೂ ಸರಿಸುಮಾರಾಗಿ 1, 2, 3, 4, 5 ಎಂಬ ಪ್ರಮಾಣದಲ್ಲಿ ನಿಲ್ಲುತ್ತವೆಂದು ಅವರು ತೋರಿಸಿಕೊಟ್ಟರು. ಚರ್ಮವು ತಂತಿಯಂತೆ ಹಾಡತೊಡಗುತ್ತದೆ. ಮೃದಂಗಕ್ಕೆ ಸಲ್ಲುವ ಈ ಪ್ರಶಂಸೆಯು ಕರಣೆಯನ್ನು ಹೊತ್ತ ಮದ್ದಳೆಗೂ ಸಲ್ಲತಕ್ಕದ್ದೇ. ಮದ್ದಳೆಯನ್ನು ಬಲ್ಲವರು ಮೊದಲು ಕೇಳುವ ಪ್ರಶ್ನೆಯೂ "ಎಷ್ಟು ಜೋರಾಗಿ ನುಡಿಯುತ್ತದೆ" ಎಂಬುದಲ್ಲ, "ಶ್ರುತಿಗೆ ನಿಂತಿದೆಯೇ" ಎಂಬುದು.

ಶ್ರುತಿಗೆ ನಿಲ್ಲಿಸುವುದು ಕರಾವಳಿಯಲ್ಲಿ ಸುಲಭದ ಕೆಲಸವಲ್ಲ. ಕಚೇರಿಯ ಮೃದಂಗವು ನಾಲ್ಕು ಗೋಡೆಗಳ ನಡುವೆ ಎರಡು ಮೂರು ಗಂಟೆಗಳ ಕಾಲ ನುಡಿದು ವಿಶ್ರಮಿಸುತ್ತದೆ. ಮದ್ದಳೆಯಾದರೋ ಬಯಲಿನಲ್ಲಿ, ಕಡಲಗಾಳಿಯಲ್ಲಿ, ರಾತ್ರಿಯ ಮಂಜಿನಲ್ಲಿ ಬೆಳಗಿನವರೆಗೂ ನುಡಿಯಬೇಕಾದ ವಾದ್ಯವಾಗಿ ಬೆಳೆಯಿತು. ಗಾಳಿಯ ತೇವವನ್ನು ಹೀರಿದ ಚರ್ಮವು ಸಡಿಲಗೊಂಡು ಶ್ರುತಿಯು ಇಳಿಯುತ್ತದೆ. ಪದ್ಯಕ್ಕೂ ಪದ್ಯಕ್ಕೂ ನಡುವೆ ವೇಷಧಾರಿಗಳು ಅರ್ಥ ಹೇಳುತ್ತಿರುವಾಗ, ಮದ್ದಳೆಗಾರರು ಮುಚ್ಚಿಗೆಯ ಅಂಚನ್ನು ಮೆಲ್ಲನೆ ತಟ್ಟಿ, ಕಿವಿಯನ್ನು ಬಗ್ಗಿಸಿ ಕೇಳಿ, ಮತ್ತೆ ತಟ್ಟುವುದನ್ನು ಆಟ ನೋಡಿದವರೆಲ್ಲರೂ ಕಂಡಿರುತ್ತಾರೆ. ನೋಡುವವರಿಗೆ ಅದೊಂದು ಬಿಡುವಿನ ಚಟುವಟಿಕೆಯಂತೆ ತೋರಬಹುದು. ಮುಂದಿನ ಪದ್ಯದಲ್ಲಿ ಭಾಗವತರ ಷಡ್ಜಕ್ಕೆ ಆಸರೆಯು ಸಿಕ್ಕುವುದು ಆ ಚಟುವಟಿಕೆಯಿಂದಲೇ.

ಯಕ್ಷಗಾನದಲ್ಲಿ ಹಾಡು ನುಡಿಸಾಣಿಕೆಗಳ ವಿಭಾಗಕ್ಕೆ ಹಿಮ್ಮೇಳವೆಂದೂ, ವೇಷಧಾರಿಗಳ ವಿಭಾಗಕ್ಕೆ ಮುಮ್ಮೇಳವೆಂದೂ ಹೆಸರು. ಹಿಮ್ಮೇಳದ ನಾಯಕರು ಭಾಗವತರು. ಬಣ್ಣ ಹಚ್ಚದಿದ್ದರೂ ಅವರನ್ನೇ ಮೊದಲನೆಯ ವೇಷವೆಂದು ಕರೆಯುವ ರೂಢಿಯಿದೆ. ಅವರ ಪಕ್ಕದಲ್ಲಿ ಮದ್ದಳೆ ಮತ್ತು ಚಂಡೆ. ಚಂಡೆಯು ಕೋಲುಗಳಿಂದ ಬಾರಿಸತಕ್ಕ ವಾದ್ಯ. ಅದರ ಉರುಳಿಕೆಗೆ ದೂರದ ಊರೂ ಎಚ್ಚರಗೊಳ್ಳುತ್ತದೆ. ರಾಕ್ಷಸನ ಪ್ರವೇಶಕ್ಕೆ, ಯುದ್ಧಕ್ಕೆ, ವೀರರ ಒಡ್ಡೋಲಗಕ್ಕೆ ಚಂಡೆಯಿಲ್ಲದೆ ಕಳೆಯೇರದು. ಪರದೇಶದವರಾಗಲಿ, ನಮ್ಮ ನಗರದವರಾಗಲಿ, ಯಕ್ಷಗಾನವೆಂದೊಡನೆ ನೆನೆಯುವುದು ಚಂಡೆಯನ್ನೇ. ಆದರೆ ಸಂಪ್ರದಾಯದ ವ್ಯವಸ್ಥೆಯಲ್ಲಿ ಚಂಡೆಗೆ ಮೌನವಾಗಿರಬೇಕಾದ ಎಡೆಗಳೂ ಇದ್ದವು. ಶೃಂಗಾರದಲ್ಲಿ, ಕರುಣದಲ್ಲಿ, ಭಕ್ತಿಯಲ್ಲಿ ಚಂಡೆಯು ಸುಮ್ಮನಾಗಿ, ಭಾಗವತರ ಕಂಠವೂ ಮದ್ದಳೆಯೂ ಎರಡೇ ಉಳಿಯುತ್ತಿದ್ದವು. ಕಾಡಿನಲ್ಲಿ ಒಂಟಿಯಾದ ದಮಯಂತಿಯ ಪ್ರಲಾಪಕ್ಕೆ, ಮಗನನ್ನು ಕಳೆದುಕೊಂಡ ಸುಭದ್ರೆಯ ಅಳಲಿಗೆ, ಕೋಲಿನ ಪೆಟ್ಟು ಹೇಗೆ ತಾನೆ ಒಪ್ಪೀತು? ಬೆರಳ ತುದಿಯಿಂದ ಎದ್ದು ಹಾಡಿನ ಶ್ರುತಿಯಲ್ಲಿಯೇ ಕರಗುವ ನಾದವು ಅಲ್ಲಿ ಬೇಕು. ರಂಗದ ರಸಗಳಲ್ಲಿ ಒಂದರ್ಧವನ್ನು ಚಂಡೆಯು ಹಂಚಿಕೊಂಡರೂ, ಇನ್ನರ್ಧದ ಹೊಣೆಯು ಮದ್ದಳೆಯೊಂದರದೇ ಆಗಿದೆ.

ಮೃದಂಗದಿಂದ ಅದು ಬೇರೆಯಾಗುವುದೂ ಇಲ್ಲಿಯೇ. ಮೃದಂಗವು ಹಾಡನ್ನು ಅನುಸರಿಸುತ್ತದೆ. ಮದ್ದಳೆಯು ಹಾಡನ್ನೂ ಹೆಜ್ಜೆಯನ್ನೂ ಒಟ್ಟಿಗೆ ಹಿಡಿದು ನಡೆಸಬೇಕು. ಭಾಗವತರು ಪದ್ಯವನ್ನು ನಿಲ್ಲಿಸಿದೊಡನೆ ನರ್ತನಕ್ಕೆ ಬಿಡ್ತಿಗೆಯನ್ನು ಕೊಡಬೇಕು. ವೇಷಧಾರಿಯು ದಣಿದನೆಂದು ಕಂಡರೆ ಮುಕ್ತಾಯವನ್ನು ಮುಂದಕ್ಕೆ ತರಬೇಕು. ಮಾತು ಮುಗಿದು ಮುಂದಿನ ಪದ್ಯವು ಏಳುವ ಕ್ಷಣವನ್ನು ಮುನ್ನವೇ ಅರಿತಿರಬೇಕು. ಅದಕ್ಕೆ ಕಚೇರಿಯ ತನಿಯಾವರ್ತನದಂತೆ, "ಈಗ ನನ್ನನ್ನು ಮಾತ್ರ ಕೇಳಿ" ಎಂದು ಹೇಳುವ ಗಳಿಗೆಯು ಪ್ರಸಂಗದ ನಡುವೆ ದೊರೆಯುವುದಿಲ್ಲ. ಮೂವರನ್ನು ಮೆರೆಸಿ ತಾನು ಮರೆಯಾಗುವುದೇ ಅದರ ಜಾಣ್ಮೆ. ಹೀಗಾಗಿ ಪ್ರಸಿದ್ಧಿಯು ಅದರ ಪಾಲಿಗೆ ಬಾರದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಆದರೂ ಒಂದು ಎಡೆಯಲ್ಲಿ ನಮ್ಮ ಪೂರ್ವಿಕರು ಮದ್ದಳೆಯ ಹೆಸರನ್ನು ಅಳಿಯದಂತೆ ಬರೆದಿಟ್ಟಿದ್ದಾರೆ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತುಕೊಂಡೇ ಪದ್ಯ ಮತ್ತು ಮಾತುಗಳಿಂದ ಪ್ರಸಂಗವನ್ನು ನಡೆಸುವ ಪ್ರಕಾರವೊಂದುಂಟು. ಮೇಳಗಳು ತಿರುಗಾಟವನ್ನು ನಿಲ್ಲಿಸುವ ಮಳೆಗಾಲದಲ್ಲಿ ಮನೆಗಳ ಚಾವಡಿಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ಅದು ವಿಶೇಷವಾಗಿ ನಡೆಯುತ್ತ ಬಂದಿದೆ. ಅದಕ್ಕೆ ಭಾಗವತಿಕೆಯೆಂದಾಗಲಿ, ಅರ್ಥಗಾರಿಕೆಯೆಂದಾಗಲಿ ಹೆಸರಿಡಲಿಲ್ಲ, ತಾಳಮದ್ದಳೆ ಎಂದರು. ಎಲ್ಲವನ್ನೂ ಕಳೆದ ಮೇಲೆಯೂ ಯಾವುದಿಲ್ಲದಿದ್ದರೆ ಯಕ್ಷಗಾನವಾಗದೋ ಅದರ ಹೆಸರನ್ನೇ ಇಟ್ಟರೆಂದು ನಮಗೆ ತೋರುತ್ತದೆ. ಇಂದು ತಾಳಮದ್ದಳೆಗೆ ಹೋಗುವವರಲ್ಲಿ ಹೆಚ್ಚಿನವರು ಅರ್ಥಧಾರಿಗಳ ವಾಗ್ವೈಭವವನ್ನು ಕೇಳಲು ಹೋಗುತ್ತಾರೆ. ಮನೆಯ ಹೆಸರು ಯಾರದೋ ಅವರನ್ನೇ ಮಾತನಾಡಿಸದೆ ಬರುವ ಅತಿಥಿಗಳಂತೆ ನಾವು ಆಗಿದ್ದೇವೆ.

ಇಂತಹ ವಾದ್ಯವನ್ನು ಜನರ ಕಿವಿಗೆ ಮುಟ್ಟಿಸಿದ ಒಬ್ಬ ಮಹನೀಯರನ್ನು ಇಲ್ಲಿ ಸ್ಮರಿಸಬೇಕು. ಉಡುಪಿಯಿಂದ ಮಣಿಪಾಲವನ್ನು ದಾಟಿ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿ ಹಿರಿಯಡಕವಿದೆ. ಅಲ್ಲಿ 1919ರಲ್ಲಿ ಜನಿಸಿದ ಗೋಪಾಲರಾಯರು ಹಿರಿಯಡಕ ಮೇಳದಲ್ಲಿ ದಶಕಗಳ ಕಾಲ ಮದ್ದಳೆಗಾರರಾಗಿದ್ದರು. ಅವರ ಆರಂಭಕಾಲದಲ್ಲಿ ಬಡಗುತಿಟ್ಟಿನಲ್ಲಿ ತಗ್ಗಿದ ಶ್ರುತಿಯ ಇಳಿಮದ್ದಳೆಯು ರೂಢಿಯಲ್ಲಿತ್ತು. ಅದರ ಸ್ಥಾನದಲ್ಲಿ ಎತ್ತರದ ಶ್ರುತಿಯ ಏರುಮದ್ದಳೆಯನ್ನು ಬಳಕೆಗೆ ತಂದು, ಶೇಷಗಿರಿ ಭಾಗವತರ ಹಾಡಿಗೆ ಜೊತೆಯಾಗಿ ನುಡಿಸಿ, ಅದು ನೆಲೆನಿಲ್ಲುವಂತೆ ಮಾಡಿದವರೆಂಬ ಕೀರ್ತಿಯು ಗೋಪಾಲರಾಯರಿಗೆ ಸಲ್ಲುತ್ತದೆ.

ಶ್ರುತಿಯನ್ನು ಏರಿಸುವುದೆಂದರೆ ಬಾರನ್ನು ಇನ್ನಷ್ಟು ಬಿಗಿದರೆ ಆಯಿತಲ್ಲವೆ, ಎಂದು ಯಾರಾದರೂ ಕೇಳಬಹುದು. ಚರ್ಮದ ಕಂಪನಸಂಖ್ಯೆಯು ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಷಡ್ಜದಿಂದ ಪಂಚಮಕ್ಕೆ, ಎಂದರೆ ಒಂದೂವರೆಯಷ್ಟಕ್ಕೆ, ಏರಿಸಬೇಕಾದರೆ ಬಿಗಿತವನ್ನು ಎರಡೂಕಾಲರಷ್ಟು ಮಾಡಬೇಕು. ಮೇಲಿನ ಷಡ್ಜಕ್ಕೆ ಒಯ್ಯಬೇಕಾದರೆ ನಾಲ್ಕರಷ್ಟು. ಅಷ್ಟನ್ನು ತಡೆಯಲಾರದೆ ಚರ್ಮವು ಹರಿದೀತು. ಇನ್ನೊಂದು ಮಾರ್ಗವೆಂದರೆ ಮುಚ್ಚಿಗೆಯ ವ್ಯಾಸವನ್ನು ಕಿರಿದುಮಾಡುವುದು. ಮಿಕ್ಕುದೆಲ್ಲ ಸಮನಾಗಿದ್ದರೆ, ವ್ಯಾಸವು ಎಷ್ಟು ಪಾಲು ಕುಗ್ಗುವುದೋ ಶ್ರುತಿಯು ಅಷ್ಟು ಪಾಲು ಏರುವುದು. ವ್ಯಾಸವು ಕುಗ್ಗಿದಾಗ ಕರಣೆಯ ಅಳತೆಯೂ ಭಾರವೂ ಅದಕ್ಕೆ ಸರಿಯಾಗಿ ಬದಲಾಗಬೇಕು. ಬದಲಾಗದಿದ್ದರೆ ಮೇಲೆ ಹೇಳಿದ ಪೂರ್ಣಾಂಕಗಳ ಹೊಂದಿಕೆಯು ಕೆಡುತ್ತದೆ. ಬೆರಳುಗಳು ಆಡುವ ಎಡೆಯೂ ಕಿರಿದಾಗಿ ಕೈಯ ಅಭ್ಯಾಸವೂ ಬದಲಾಗಬೇಕು. ಆದುದರಿಂದ ಶ್ರುತಿಯ ಈ ಏರಿಕೆಯು ಮದ್ದಳೆ ಕಟ್ಟುವವರ ಕಸಬನ್ನೂ ನುಡಿಸುವವರ ಕೈಯನ್ನೂ ಒಟ್ಟಿಗೆ ಮುಟ್ಟುವಂತಹುದು.

ಮುಂದೆ ಡಾ|| ಶಿವರಾಮ ಕಾರಂತರ ಮತ್ತು ಪ್ರಾಂಶುಪಾಲ ಕು. ಶಿ. ಹರಿದಾಸ ಭಟ್ಟರ ಪ್ರಯತ್ನದಿಂದ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪಿತವಾದಾಗ, ಅಲ್ಲಿನ ಮೊದಲ ಗುರುಗಳಲ್ಲಿ ಗೋಪಾಲರಾಯರೂ ಒಬ್ಬರಾಗಿದ್ದರು. ಆ ಕಾಲದಲ್ಲಿಯೇ ಅಮೆರಿಕದಿಂದ ಬಂದು ಬಡಗುತಿಟ್ಟನ್ನು ಅಭ್ಯಾಸಮಾಡಿದ ಮಾರ್ತಾ ಆಷ್ಟನ್ ಎಂಬ ವಿದುಷಿಯು ಅವರಲ್ಲಿ ಶಿಕ್ಷಣ ಪಡೆದರು. ಬ್ರೂಸ್ ಕ್ರಿಸ್ಟಿ ಎಂಬವರೊಡನೆ ಆಕೆ ಬರೆದ ಇಂಗ್ಲಿಷ್ ಗ್ರಂಥವು 1977ರಲ್ಲಿ ಹೊರಬಂದಿತು. ಗೋಪಾಲರಾಯರು ನೂರು ವರ್ಷಗಳನ್ನು ಪೂರೈಸಿ 2020ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರನ್ನು ಬಲ್ಲ ಕರಾವಳಿಯು ದೊಡ್ಡದು. ಅವರ ಹೆಸರನ್ನೇ ಕೇಳದ ಸಂಗೀತ ಸಭೆಗಳು ಅದಕ್ಕಿಂತ ದೊಡ್ಡವು. ವಾದ್ಯಕ್ಕೆ ಬಂದ ಗತಿಯೇ ವಾದಕರಿಗೂ ಬಂದಿತು.

ಈಗ ಮದ್ದಳೆಗೆ ಒದಗಿರುವ ಅಪಾಯದ ಮಾತು. ಅದು ಅಳಿದುಹೋಗುತ್ತಿದೆಯೆಂದು ನಾವು ಹೇಳುವುದಿಲ್ಲ. ಮೇಳಗಳು ತಿರುಗಾಟ ನಡೆಸುತ್ತಿವೆ, ಕಲಿಯುವ ತರುಣರಿದ್ದಾರೆ, ಯಾವ ಹಿಮ್ಮೇಳವೂ ಮದ್ದಳೆಯನ್ನು ಬಿಟ್ಟು ರಂಗಕ್ಕೆ ಬರುವುದಿಲ್ಲ. ಅಪಾಯವು ಇರುವುದು ಅದರ ಅಸ್ತಿತ್ವಕ್ಕಲ್ಲ, ಅದು ಕೇಳಿಸುವುದಕ್ಕೆ. ಧ್ವನಿವರ್ಧಕಗಳು ಬಂದ ಮೇಲೆ ಹಾಡು, ಮಾತು, ಚಂಡೆ, ಮದ್ದಳೆಗಳೆಲ್ಲವೂ ಒಂದೇ ಕೊಳವೆಯಿಂದ ಹರಿಯುತ್ತವೆ. ಒಂದು ಸದ್ದು ಬಲವಾಗಿದ್ದಾಗ ಅದರ ಜೊತೆಯ ಮೆಲುದನಿಯನ್ನು ನಮ್ಮ ಕಿವಿಯು ಗ್ರಹಿಸಲಾರದೆಂಬುದು ಶಬ್ದಶಾಸ್ತ್ರದಲ್ಲಿ ಪ್ರಸಿದ್ಧವಾದ ನಿಯಮ. ಕೋಲಿನ ಪೆಟ್ಟಿಗೂ ಬೆರಳಿನ ನಾದಕ್ಕೂ ಸ್ಪರ್ಧೆಯಾದರೆ ಫಲವೇನೆಂಬುದನ್ನು ಹೇಳಬೇಕಾಗಿಲ್ಲ. ಈಚಿನ ವರ್ಷಗಳಲ್ಲಿ ಅನೇಕ ಮೇಳಗಳು ರಾತ್ರಿಯಿಡೀ ಆಡದೆ ಕೆಲವೇ ಗಂಟೆಗಳ ಕಾಲಮಿತಿಯ ಆಟಕ್ಕೆ ಒಲಿದಿವೆ. ಜನರ ದುಡಿಮೆಯ ವೇಳೆಯು ಬದಲಾದುದರಿಂದ ಅದು ಅನಿವಾರ್ಯವೂ ಇರಬಹುದು. ಆದರೆ ಕಾಲವು ಕುಗ್ಗಿದಾಗ ಮೊದಲು ಕತ್ತರಿ ಬೀಳುವುದು ನಿಧಾನವಾದ ಪದ್ಯಗಳಿಗೆ, ಎಂದರೆ ಮದ್ದಳೆಯ ಸ್ವಂತ ಸೀಮೆಗೆ. ಚಂಡೆಯ ಅಬ್ಬರಕ್ಕೆ ಸಭೆಯು ಚಪ್ಪಾಳೆ ತಟ್ಟುತ್ತದೆ. ಚಪ್ಪಾಳೆಯು ಬಿದ್ದಲ್ಲಿಗೆ ಕಲೆಯೂ ವಾಲುತ್ತದೆ. ಹೀಗೆ ನಡೆದರೆ ವಾದ್ಯವು ಭಾಗವತರ ಪಕ್ಕದಲ್ಲಿಯೇ ಕುಳಿತಿರುವುದು, ಕೈಯೂ ಆಡುತ್ತಿರುವುದು, ಆದರೆ ಕರುಣವೂ ಶೃಂಗಾರವೂ ರಂಗದಿಂದ ಸದ್ದಿಲ್ಲದೆ ಹೊರಟುಹೋಗಿರುವುವು.

ಧ್ವನಿಯಂತ್ರವನ್ನು ದೂರುವುದರಿಂದ ಪ್ರಯೋಜನವಿಲ್ಲ. ಅದೇ ಯಂತ್ರವೇ ಮದ್ದಳೆಗೆ ಮಿತ್ರನೂ ಆಗಬಲ್ಲುದು. ಮಂಗಳೂರಿನಲ್ಲಿ 1976ರಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ ಯಕ್ಷಗಾನವೂ ತಾಳಮದ್ದಳೆಯೂ ಮನೆಮನೆಗಳನ್ನು ಮುಟ್ಟಿದವು. ಗದ್ದೆಯ ತುದಿಯಲ್ಲಿ ಕುಳಿತವನಿಗೆ ಎಂದೂ ಕೇಳಿಸದ ಬೆರಳಿನ ಸೂಕ್ಷ್ಮವು ವಾದ್ಯದ ಸಮೀಪದಲ್ಲಿಟ್ಟ ಯಂತ್ರದ ಮೂಲಕ ಕೋಣೆಯೊಳಗೆ ಕುಳಿತವನಿಗೆ ಕೇಳಿಸಿತು. ಕಣ್ಣಿಗೆ ಕಿರೀಟವೂ ಬಣ್ಣವೂ ಕಾಣದಿರುವಾಗ ಕಿವಿಯು ತನ್ನ ಕೆಲಸವನ್ನು ಹೆಚ್ಚು ಶ್ರದ್ಧೆಯಿಂದ ಮಾಡುತ್ತದೆ. ಬಾನುಲಿಯ ಶ್ರೋತೃಗಳಿಗೆ ಇದೊಂದು ಅನುಕೂಲವೇ ಸರಿ.

ಮುಂದಿನ ಸಲ ಯಕ್ಷಗಾನವನ್ನು ಕೇಳುವ ಸಂದರ್ಭ ಒದಗಿದಾಗ ಮೂರು ಸಂಗತಿಗಳನ್ನು ಗಮನಿಸಬೇಕೆಂದು ನಮ್ಮ ವಿಜ್ಞಾಪನೆ. ಪದ್ಯವು ಏಳುವ ಮೊದಲು ಭಾಗವತರ ಆಧಾರಷಡ್ಜವನ್ನೂ ಮದ್ದಳೆಯ ಬಲಮುಚ್ಚಿಗೆಯ ನಾದವನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಎಂದು ಕಂಡಾಗ ಕರಣೆಯ ಮಹಿಮೆಯು ತಾನಾಗಿ ಅರಿವಿಗೆ ಬರುವುದು. ಚಂಡೆಯು ಮೌನವಾದ ಪದ್ಯವೊಂದು ಬಂದರೆ ಅಲ್ಲಿ ಮದ್ದಳೆಯ ಪೆಟ್ಟುಗಳನ್ನು ಎಣಿಸದೆ, ಪೆಟ್ಟುಗಳ ನಡುವಣ ಅನುರಣನವನ್ನು ಕೇಳಿ. ಪದ್ಯವು ಮುಗಿದು ಕುಣಿತವು ತೊಡಗುವಾಗ, ಹೆಜ್ಜೆಯನ್ನು ಮದ್ದಳೆಯು ಹಿಂಬಾಲಿಸುತ್ತಿದೆಯೋ, ಹೆಜ್ಜೆಯೇ ಮದ್ದಳೆಯನ್ನು ಹಿಂಬಾಲಿಸುತ್ತಿದೆಯೋ ವಿಚಾರಿಸಿ. ಆಟವನ್ನು ಏರ್ಪಡಿಸುವ ಸಂಘಗಳವರಿಗೂ ಒಂದು ಮಾತು: ಧ್ವನಿವರ್ಧಕದವರಿಗೆ "ಚಂಡೆಯನ್ನು ಸ್ವಲ್ಪ ತಗ್ಗಿಸಿ" ಎಂದು ಹೇಳುವುದಕ್ಕೆ ಹಣವೇನೂ ಬೇಕಾಗುವುದಿಲ್ಲ. ಹೇಳುವವರಿಗೆ ಕೇಳುವ ಆಸೆಯೊಂದು ಇದ್ದರೆ ಸಾಕು.